ಕಚೇರಿಯ ನುಡಿ, ಶಾಲೆಯ ನುಡಿ

ರಾಜ್ಯೋತ್ಸವದ ದಿನಗಳಲ್ಲಿ ಮುಂಬಯಿಯ ಯಾವ ಕನ್ನಡ ಸಂಘದ ಸಭೆಗೆ ಹೋದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಮ್ಮ ಮಕ್ಕಳು ಕನ್ನಡ ಓದುತ್ತಿಲ್ಲ; ಕನ್ನಡ ಶಾಲೆಗಳ ಬೆಂಚುಗಳು ಬರಿದಾಗುತ್ತಿವೆ; ತಾಯಿತಂದೆಗಳಲ್ಲಿ ಅಭಿಮಾನ ಕುಗ್ಗಿದೆ. ವೇದಿಕೆಯ ಮೇಲಿನವರು ನೊಂದು ಹೇಳುತ್ತಾರೆ, ಕೆಳಗೆ ಕುಳಿತವರು ತಲೆದೂಗುತ್ತಾರೆ, ಉಪಾಹಾರದೊಡನೆ ಸಭೆ ಮುಗಿಯುತ್ತದೆ. ಅಭಿಮಾನ ಬೇಡವೆಂದು ಯಾರೂ ಹೇಳಲಾರರು. ಆದರೆ ಅಭಿಮಾನವೊಂದರಿಂದಲೇ ಒಂದು ಭಾಷೆ ಶಾಲೆಯಲ್ಲಿ ಉಳಿಯಿತೆಂದು ಚರಿತ್ರೆ ಹೇಳುವುದಿಲ್ಲ. ದುಡಿಯುವ ಸ್ಥಳದಲ್ಲಿ ಯಾವ ನುಡಿಗೆ ಸಂಬಳ ದೊರೆಯುತ್ತದೆ, ಸರಕಾರದ ಕಾಗದಪತ್ರ ಯಾವ ನುಡಿಯಲ್ಲಿ ನಡೆಯುತ್ತದೆ ಎಂಬುದನ್ನು ನೋಡಿಕೊಂಡೇ ಸಂಸಾರವಂದಿಗರು ಮಕ್ಕಳ ಶಾಲೆಯನ್ನು ಆರಿಸಿಕೊಂಡಿದ್ದಾರೆ. ಅವರನ್ನು ದೂರುವುದಕ್ಕಿಂತ, ಅವರ ಮುಂದೆ ಆ ಆಯ್ಕೆಯನ್ನು ಇಟ್ಟ ಕಾಯಿದೆಗಳನ್ನೂ ಆಜ್ಞೆಗಳನ್ನೂ ಪರಿಶೀಲಿಸುವುದು ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುತ್ತದೆ. ನಮ್ಮ ನಗರಕ್ಕೆ ಸಂಬಂಧಪಟ್ಟ ಸುಮಾರು 200 ವರ್ಷಗಳ ಕೆಲವು ಸಂಗತಿಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಧಾರವಾಡದ ಪಾಟಿ

1818ರಲ್ಲಿ ಪೇಶವೆಯವರ ಆಳಿಕೆ ಮುಗಿದು ಧಾರವಾಡದ ಸೀಮೆ ಕಂಪನಿ ಸರಕಾರದ ವಶವಾಯಿತು. ಮುಂದೆ ಅದು ಮುಂಬಯಿ ಪ್ರಾಂತದ ಭಾಗವಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯೂ ಮದ್ರಾಸನ್ನು ಬಿಟ್ಟು ಮುಂಬಯಿಗೆ ಸೇರಿತು. ಹೀಗೆ 1956ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಹುಡುಗ ಯಾವ ಪುಸ್ತಕ ಓದಬೇಕೆಂಬ ಪ್ರಶ್ನೆಗೆ ಕೊನೆಯ ಉತ್ತರ ಬರುತ್ತಿದ್ದುದು ನಾವು ಇಂದು ವಾಸಿಸುತ್ತಿರುವ ಈ ನಗರದಿಂದ.

ಪೇಶವೆಯವರ ಕಾಲದಲ್ಲಿ ದಫ್ತರಗಳ ಲೆಕ್ಕಪತ್ರ ಮೋಡಿ ಅಕ್ಷರದ ಮರಾಠಿಯಲ್ಲಿ ನಡೆಯುತ್ತಿತ್ತು. ಸರಕಾರ ಬದಲಾಯಿತು, ಆದರೆ ಲೆಕ್ಕ ಬಲ್ಲ ಕಾರಕೂನರು ಅವರೇ ಉಳಿದರು, ಅವರೊಡನೆ ಅವರ ಬರವಣಿಗೆಯ ಭಾಷೆಯೂ ಉಳಿಯಿತು. ಮಗನಿಗೆ ಕಚೇರಿಯಲ್ಲಿ ಒಂದು ಚಾಕರಿ ದೊರೆಯಲಿ ಎಂದು ಬಯಸಿದ ತಂದೆ ಅವನಿಗೆ ಮರಾಠಿ ಕಲಿಸದೆ ಗತ್ಯಂತರವಿರಲಿಲ್ಲ. ಶಾಲೆಗಳು ತೆರೆದಾಗಲೂ ಇದೇ ನಡೆಯಿತು. ಮನೆಯಲ್ಲಿ ಕನ್ನಡವಾಡುವ ಹುಡುಗನ ಪಾಟಿಯ ಮೇಲೆ ಮರಾಠಿ ಅಕ್ಷರ ಮೂಡಿತು. ಇದರಲ್ಲಿ ಮರಾಠಿಗರನ್ನು ದೂರಲು ಕಾರಣವಿಲ್ಲ. ಕನ್ನಡವನ್ನು ಅಳಿಸಬೇಕೆಂದು ಯಾರೂ ಪಣ ತೊಟ್ಟಿರಲಿಲ್ಲ. ಇದ್ದ ವ್ಯವಸ್ಥೆಯನ್ನು ಇದ್ದಂತೆಯೇ ಮುಂದುವರಿಸಿದುದೇ ಇಷ್ಟು ದೂರ ಬಂದಿತ್ತು.

ಈ ಸ್ಥಿತಿಯನ್ನು ಬದಲಿಸಿದುದೂ ಒಂದು ಸರಕಾರಿ ಧೋರಣೆಯೇ. 1854ರಲ್ಲಿ ಲಂಡನ್ನಿನಿಂದ ಬಂದ ಚಾರ್ಲ್ಸ್ ವುಡ್ಡನ ವಿದ್ಯಾಪತ್ರವು ಸಾಮಾನ್ಯ ಜನರಿಗೆ ಅವರವರ ದೇಶಭಾಷೆಯಲ್ಲೇ ಶಿಕ್ಷಣ ಕೊಡಬೇಕೆಂದು ಹೇಳಿತು. ಮರುವರ್ಷವೇ ಮುಂಬಯಿಯಲ್ಲಿ ವಿದ್ಯಾಖಾತೆ ಏರ್ಪಟ್ಟಿತು. ಆದರೆ ಧಾರವಾಡದ ದೇಶಭಾಷೆ ಯಾವುದು? ಕಾಗದವನ್ನು ನೋಡಿದರೆ ಮರಾಠಿ, ಕಿವಿಗೊಟ್ಟು ಕೇಳಿದರೆ ಕನ್ನಡ. ಕಿವಿಗೊಟ್ಟು ಕೇಳಿದವರಲ್ಲಿ ದಕ್ಷಿಣ ಭಾಗದ ವಿದ್ಯಾಧಿಕಾರಿಯಾಗಿದ್ದ ರಸೆಲ್ ಸಾಹೇಬರೂ, ಅವರ ಕೈಕೆಳಗೆ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿದ್ದ ಚನ್ನಬಸಪ್ಪನವರೂ ಮುಖ್ಯರು. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಮಹನೀಯರನ್ನು ಕನ್ನಡಿಗರು ಇಂದಿಗೂ ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆಯುತ್ತಾರೆ. ಹುದ್ದೆಯ ಹೆಸರು ಮನುಷ್ಯನ ಹೆಸರಿಗೆ ಹೀಗೆ ಅಂಟಿಕೊಂಡುದು ಅರ್ಥವಿಲ್ಲದೆ ಅಲ್ಲ. ಅವರು ಮಾಡಿದ ಕೆಲಸ ಆ ಹುದ್ದೆಯಿಂದ ಮಾತ್ರ ಮಾಡಬಹುದಾಗಿದ್ದ ಕೆಲಸ. ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಆ ಶಾಲೆಗಳಿಗೆ ಬೇಕಾದ ಮಾಸ್ತರರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ತಯಾರಾದರು. ಓದಲು ಪುಸ್ತಕಗಳು ಬೇಕೆಂದು ತಾವೂ ಬರೆದರು, ಇತರರಿಂದಲೂ ಬರೆಯಿಸಿದರು. 1865ರಲ್ಲಿ ಶಿಕ್ಷಕರಿಗಾಗಿ ಧಾರವಾಡದಲ್ಲಿ ಆರಂಭವಾದ ಮಾಸಪತ್ರಿಕೆ ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಬಾಳಿತು. ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಬೆಳೆದುದು ಈ ವಿದ್ಯಾಖಾತೆಯ ನೆರಳಿನಲ್ಲೇ.

ಹೀಗೆ ಶಾಲೆಯಿಂದ ಹೊರಬಿದ್ದ ಒಂದು ತಲೆಮಾರು ಮುಂದೆ ಏನು ಮಾಡಿತೆಂಬುದನ್ನು ನೋಡಿರಿ. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದಿತು. ಏಕೀಕರಣದ ಕೂಗು ಎದ್ದುದು ಈ ನೆಲದಿಂದ. ಕನ್ನಡ ಶಾಲೆಯ ಮಾಸ್ತರನ ಸಂಬಳದ ಮಂಜೂರಾತಿಗೂ 1956ರ ಕರ್ನಾಟಕದ ನಕಾಶೆಗೂ ಸಂಬಂಧವಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಹೋಟೆಲಿನ ಗಡಿಯಾರ

ಘಟ್ಟದ ಮೇಲಿನ ಕನ್ನಡಿಗರ ಕಥೆ ಇದಾದರೆ, ಮುಂಬಯಿಯಲ್ಲಿ ಬಂದು ನೆಲೆಸಿದ ಕರಾವಳಿಯವರ ಕಥೆ ಬೇರೆ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಅಲ್ಲಿಂದ ಹಡಗು ಹತ್ತಿ ಇಲ್ಲಿಗೆ ಬಂದ ಹುಡುಗನಿಗೆ ಮುಂಬಯಿ ಸರಕಾರದ ಶಾಲೆಯ ಪರಿಚಯವಿರಲಿಲ್ಲ. ಅವನು ನೇರವಾಗಿ ಸೇರುತ್ತಿದ್ದುದು ಹೋಟೆಲಿನ ಅಡಿಗೆಮನೆಗೆ, ಇಲ್ಲವೆ ಗಿರಣಿಯ ಕ್ಯಾಂಟೀನಿಗೆ. ಅಲ್ಲಿ ಅವನಿಗೆ ಊಟ ದೊರೆಯುತ್ತಿತ್ತು, ಮಲಗಲು ಬೆಂಚು ದೊರೆಯುತ್ತಿತ್ತು. ಬಿಡುವು ಮಾತ್ರ ಮಾಲೀಕನ ಮನಸ್ಸಿಗೆ ಬಿಟ್ಟದ್ದು.

ಇಂಥವರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ಕಟ್ಟಿದರು. 1902ರಲ್ಲಿ ಸ್ಥಾಪಿತವಾಗಿ ಇಂದು ನಮ್ಮ ಅಂಧೇರಿಯಲ್ಲೇ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿರುವ ಮೊಗವೀರ ವ್ಯವಸ್ಥಾಪಕ ಮಂಡಳಿಯು ಈ ಕಾರ್ಯದಲ್ಲಿ ಮೊದಲಿಗರ ಸಾಲಿನಲ್ಲಿ ನಿಂತಿತು. ಬೇರೆ ಬೇರೆ ಸಮಾಜಗಳ ಸಂಘಗಳೂ ಕೋಟೆಯ ಭಾಗದಲ್ಲಿಯೂ ಇತರೆಡೆಗಳಲ್ಲಿಯೂ ಕನ್ನಡ ರಾತ್ರಿಶಾಲೆಗಳನ್ನು ತೆರೆದವು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಊರಿನಿಂದ ದೂರವಾದವರಿಗೆ ಪುಸ್ತಕವೂ ನಾಟಕವೂ ದೊರೆತವು. ಹಗಲು ತಟ್ಟೆಲೋಟ ಎತ್ತಿ ರಾತ್ರಿ ಕಣ್ಣುಜ್ಜಿಕೊಂಡು ಓದಿದ ಹುಡುಗರು ಮುಂದೆ ವಕೀಲರಾದರು, ಲೆಕ್ಕಿಗರಾದರು, ಲೇಖಕರಾದರು, ತಾವೇ ಹೋಟೆಲುಗಳ ಮಾಲೀಕರಾದರು.

ಆದರೆ ಶಾಲೆ ತೆರೆದರೆ ಸಾಲದು. ಸಂಜೆ ಕೆಲಸ ಬಿಡುವ ಹೊತ್ತು ನಿಶ್ಚಿತವಾಗಬೇಕಲ್ಲವೆ? ಮುಂಬಯಿ ಸರಕಾರವು 1939ರಲ್ಲಿ ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ಅದನ್ನು ವಿಸ್ತರಿಸಿ, ಗುಲ್ಜಾರಿಲಾಲ್ ನಂದಾ ಅವರು ಪ್ರಾಂತದ ಕಾರ್ಮಿಕ ಮಂತ್ರಿಗಳಾಗಿದ್ದ ಕಾಲದಲ್ಲಿ, 1948ರ ಕಾಯಿದೆ ಬಂದಿತು. ಹೋಟೆಲು ಕೆಲಸಗಾರನನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ನಡುವೆ ವಿರಾಮ ಕೊಡಬೇಕು. ವಾರಕ್ಕೊಂದು ರಜೆ ಕೊಡಬೇಕು. ಇದನ್ನೆಲ್ಲ ದಾಖಲೆಯಲ್ಲಿ ಬರೆದಿಟ್ಟು ಇನ್‌ಸ್ಪೆಕ್ಟರನಿಗೆ ತೋರಿಸಬೇಕು ಎಂದು ವಿಧಿಸಲಾಯಿತು. ಈ ಕಾಯಿದೆಯಲ್ಲಿ ಕನ್ನಡದ ಹೆಸರಿಲ್ಲ, ಶಾಲೆಯ ಮಾತೂ ಇಲ್ಲ. ಆದರೂ ಅದುವರೆಗೆ ಒಳ್ಳೆಯ ಮಾಲೀಕನ ಕೃಪೆಯಾಗಿದ್ದ ಬಿಡುವು ಅಂದಿನಿಂದ ಕೆಲಸಗಾರನ ಹಕ್ಕಾಯಿತು. ಎಲ್ಲ ಹೋಟೆಲುಗಳಲ್ಲಿಯೂ ಅದು ಅಕ್ಷರಶಃ ನಡೆಯಿತೆಂದು ಯಾರೂ ಹೇಳಲಾರರು. ನಡೆದಲ್ಲಿ, ರಾತ್ರಿಶಾಲೆಗೆ ಹೊರಟ ಹುಡುಗ ತಲೆ ತಗ್ಗಿಸಿ ಅನುಮತಿ ಬೇಡುವ ಸ್ಥಿತಿ ತಪ್ಪಿತು.

ರಾತ್ರಿಶಾಲೆಗಳು ಬರಿದಾದುದಕ್ಕೂ ಧೋರಣೆಗಳೇ ಕಾರಣ, ಅವೂ ಒಳ್ಳೆಯ ಧೋರಣೆಗಳು ಎಂಬುದನ್ನು ನಾವು ಮರೆಯಬಾರದು. 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯಿಂದ ಕರಾವಳಿಯ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಅವರ ಮಕ್ಕಳು ಊರಲ್ಲೇ ಓದಿದರು. 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂದಿತು. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ ಮಕ್ಕಳ ದುಡಿಮೆ ನಿಷಿದ್ಧವಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನು ಹಗಲಿನ ಶಾಲೆಗೆ ಕರೆಯಿತು. ರಾತ್ರಿ ಓದಬೇಕಾದ ಹುಡುಗನೇ ಕಡಿಮೆಯಾದುದು ಸಮಾಜದ ಗೆಲುವು. ಆದುದರಿಂದ ರಾತ್ರಿಶಾಲೆ ಮುಚ್ಚಿದುದಕ್ಕೆ ಕಣ್ಣೀರಿಡುವ ಬದಲು, ಹಗಲಿನ ಕನ್ನಡ ಶಾಲೆಗೆ ಏನಾಯಿತೆಂದು ಕೇಳುವುದು ಉಚಿತ.

ಹತ್ತು ಮತ್ತು ನಲವತ್ತು

ಮುಂಬಯಿ ಪ್ರಾಂತದಲ್ಲಿ ಮರಾಠಿ, ಗುಜರಾತಿಗಳಂತೆ ಕನ್ನಡವೂ ಪ್ರಾಂತಭಾಷೆಯಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯವು 1949ರ ಅಕ್ಟೋಬರಿನಲ್ಲಿ ಮೊದಲು ಕಾರ್ಯಾರಂಭ ಮಾಡಿದುದು ಧಾರವಾಡದಲ್ಲಲ್ಲ, ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಇದನ್ನು ತಿಳಿದಾಗ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾಗುತ್ತದೆ.

1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿಯೂ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳೂ ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರ ಬಹುಕಾಲದ ಕನಸು ಕೈಗೂಡಿತು. ಆದರೆ ಮುಂಬಯಿಯಲ್ಲಿ ಉಳಿದ ಕನ್ನಡಿಗರ ಪಾಲಿಗೆ ಆ ದಿನಕ್ಕೆ ಇನ್ನೊಂದು ಮುಖವಿತ್ತು. ಹಿಂದಿನ ಸಂಜೆ ಪ್ರಾಂತಭಾಷೆಯವರಾಗಿದ್ದವರು ಮರುದಿನ ಬೆಳಿಗ್ಗೆ ಭಾಷಾ ಅಲ್ಪಸಂಖ್ಯಾತರಾದರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು; 1964ರ ರಾಜಭಾಷಾ ಕಾಯಿದೆಯಿಂದ ಮರಾಠಿ ಇಲ್ಲಿನ ಆಡಳಿತಭಾಷೆಯಾಯಿತು. ಇದು ಆಕ್ಷೇಪಿಸುವ ಮಾತಲ್ಲ. 1963ರಲ್ಲಿ ಮೈಸೂರು ರಾಜ್ಯ ತನ್ನ ಆಡಳಿತಭಾಷಾ ಕಾಯಿದೆಯಿಂದ ಕನ್ನಡಕ್ಕೆ ಕೊಟ್ಟ ಸ್ಥಾನವನ್ನೇ ಮಹಾರಾಷ್ಟ್ರವು ಮರಾಠಿಗೆ ಕೊಟ್ಟಿತು.

ಹಾಗಾದರೆ ನಮ್ಮ ಪಾಲಿಗೆ ಉಳಿದುದೇನು? 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳು ಸಭೆ ಸೇರಿ ಒಂದು ಗೊತ್ತುವಳಿ ಮಾಡಿದ್ದರು. ಒಂದು ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಪ್ರಾಂತಭಾಷೆಯಲ್ಲದ ಬೇರೊಂದು ಮಾತೃಭಾಷೆಯವರಿದ್ದರೆ, ಅವರಿಗಾಗಿ ಒಬ್ಬ ಶಿಕ್ಷಕನನ್ನಾದರೂ ನೇಮಿಸಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕು ಎಂಬುದೇ ಅದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಕಲ್ಪಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಹೇಳಿತು. ಮುಂಬಯಿ ಮಹಾನಗರಪಾಲಿಕೆಯು 8 ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿತು. ಕನ್ನಡವೂ ಅವುಗಳಲ್ಲಿ ಒಂದು. ಅಂಧೇರಿ 1950ರಲ್ಲಿ ಬೃಹನ್ಮುಂಬಯಿಯ ಎಲ್ಲೆಯೊಳಗೆ ಬಂದುದರಿಂದ ಈ ಭಾಗದ ಪ್ರಾಥಮಿಕ ಶಿಕ್ಷಣವೂ ಪಾಲಿಕೆಯ ಹೊಣೆಯಾಯಿತು. ಪರರಾಜ್ಯದ ಭಾಷೆಗೆ ತನ್ನ ತೆರಿಗೆಯ ಹಣದಲ್ಲಿ ಶಾಲೆ ನಡೆಸಿದ ಈ ನಗರದ ಔದಾರ್ಯವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ 10 ಮತ್ತು 40 ಎಂಬ ಅಂಕೆಗಳ ಸ್ವಭಾವವನ್ನು ಗಮನಿಸಿರಿ. ಲೆಕ್ಕದ ವಿದ್ಯೆ ಓದಿದವರಿಗೆ ಇದು ಬೇಗ ಅರ್ಥವಾದೀತು. ತರಗತಿಯಲ್ಲಿ 10 ಮಕ್ಕಳಿದ್ದಾಗ ಶಿಕ್ಷಕನನ್ನು ಕೇಳುವ ಆಧಾರವಿದೆ; ಒಂದು ಮಗು ಬೇರೆ ಶಾಲೆಗೆ ಹೋಗಿ 9 ಉಳಿದರೆ ಆ ಆಧಾರ ಕುಸಿಯುತ್ತದೆ. ಯಾರ ದ್ವೇಷವೂ ಬೇಕಿಲ್ಲ, ಯಾರ ಆಜ್ಞೆಯೂ ಬೇಕಿಲ್ಲ. ಹಾಜರಿ ಪುಸ್ತಕವೇ ತರಗತಿಯನ್ನು ಮುಚ್ಚುತ್ತದೆ. ಹತ್ತನೆಯ ಮಗುವಿನ ತಂದೆಗೆ ತನ್ನ ನಿರ್ಧಾರ ಉಳಿದ ಒಂಬತ್ತು ಮನೆಗಳನ್ನು ತಟ್ಟಿತೆಂಬುದು ತಿಳಿಯುವುದೂ ಇಲ್ಲ.

ಪರೀಕ್ಷೆಯ ಕಾಗದ

ಆ ಹತ್ತನೆಯ ಮಗು ಏಕೆ ಹೋಯಿತು? ಉತ್ತರ ನಾವು ದುಡಿಯುವ ಸ್ಥಳದಲ್ಲೇ ಇದೆ. ಕರಾವಳಿಯ ಬ್ಯಾಂಕುಗಳ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದವು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ 2 ಆಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿದರು. ಮನೆಬಾಗಿಲಿಗೆ ಹೋಗುವವನು ಮನೆಯ ಮಾತನ್ನೇ ಆಡಬೇಕಷ್ಟೆ. ಆ ಕಾಲದ ಬ್ಯಾಂಕಿಗೆ ಸ್ಥಳದ ನುಡಿ ಬಂಡವಾಳದ ಒಂದು ಭಾಗವಾಗಿತ್ತು. ಮುಂಬಯಿಯ ಶಾಖೆಗಳಲ್ಲಿಯೂ ಊರಿನ ಹುಡುಗರಿಗೆ ಕೆಲಸ ದೊರೆಯಿತು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಕೆನರಾ, ಸಿಂಡಿಕೇಟ್ ಅವುಗಳಲ್ಲಿದ್ದವು. 1980ರಲ್ಲಿ ರಾಷ್ಟ್ರೀಕೃತವಾದ ಇನ್ನೂ 6 ಬ್ಯಾಂಕುಗಳಲ್ಲಿ ವಿಜಯಾ, ಕಾರ್ಪೊರೇಷನ್ ಸೇರಿದ್ದವು. ಶಾಖೆಗಳು ದೇಶದ ಹಳ್ಳಿಹಳ್ಳಿಗೂ ಹೋದವು, ಬಡವರಿಗೂ ಸಾಲ ದೊರೆಯಿತು. ಇದು ದೊಡ್ಡ ಕೆಲಸ. ಅದರೊಡನೆ ನೇಮಕದ ಕ್ರಮವೂ ಬದಲಾಗಿ, ಎಲ್ಲರಿಗೂ ಸಮಾನವಾದ ಲಿಖಿತ ಪರೀಕ್ಷೆಗಳು ಬಂದವು. ಶಿಫಾರಸಿಗಿಂತ ಪರೀಕ್ಷೆ ಮೇಲೆಂಬುದು ನಿಜ. ಆದರೆ 2011ರಿಂದ ಅನೇಕ ಬ್ಯಾಂಕುಗಳಿಗೆ ಸೇರಿ ಒಂದೇ ಪರೀಕ್ಷೆ ನಡೆಯತೊಡಗಿದಾಗ ಅದರ ಕಾಗದ ಇದ್ದುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಅಂಧೇರಿಯಲ್ಲಿ 1973ರಲ್ಲಿ ಸ್ಥಾಪಿತವಾದ ಸೀಪ್ಝ್ ರಫ್ತು ವಲಯದಂಥ ಕಡೆಗಳ ಒಳ್ಳೆಯ ನೌಕರಿಗಳೂ ಇಂಗ್ಲಿಷನ್ನೇ ಕೇಳಿದವು. ಧಾರವಾಡದ ತಂದೆ ಮೋಡಿ ಕಲಿಸಿದಂತೆಯೇ ಅಂಧೇರಿಯ ತಂದೆ ಇಂಗ್ಲಿಷ್ ಶಾಲೆಯ ಅರ್ಜಿಗಾಗಿ ಸಾಲಿನಲ್ಲಿ ನಿಂತ. ನೂರೈವತ್ತು ವರ್ಷಗಳ ಅಂತರವಿದ್ದರೂ ಇಬ್ಬರ ತರ್ಕವೂ ಒಂದೇ.

ಕರ್ನಾಟಕದಲ್ಲಿಯೂ ಇದೇ ಪಾಠ ದೊರೆಯುತ್ತದೆ. ವಿ. ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು; 1982ರಲ್ಲಿ ರಾಜಕುಮಾರರ ನಾಯಕತ್ವದಲ್ಲಿ ಜನ ಬೀದಿಗಿಳಿದರು. ಶಾಲೆಯಲ್ಲಿ ಕನ್ನಡದ ಸ್ಥಾನ ಎಲ್ಲರ ಮಾತಾಯಿತು. ಉದ್ಯೋಗದಲ್ಲಿ ಕನ್ನಡಿಗರ ಸ್ಥಾನವನ್ನು ಕುರಿತು ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಆ ವರದಿಗೆ ಅಂಥ ಜನಸಾಗರ ಸೇರಲಿಲ್ಲ. ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣವಾಗಬೇಕೆಂಬ 1994ರ ಸರಕಾರಿ ಆಜ್ಞೆಯನ್ನು ಖಾಸಗಿ ಶಾಲೆಗಳು ಪ್ರಶ್ನಿಸಿದುವು; 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆ ಪೋಷಕರದೆಂದು ತೀರ್ಪಿತ್ತಿತು. ಶಾಲೆಯ ಬಾಗಿಲಲ್ಲಿ ಕನ್ನಡವನ್ನು ಕಡ್ಡಾಯ ಮಾಡಹೊರಟ ಸರಕಾರ, ನೌಕರಿಯ ಬಾಗಿಲಲ್ಲಿ ಅದಕ್ಕೆ ಬೆಲೆ ತಂದುಕೊಟ್ಟಿದ್ದರೆ ಕಡ್ಡಾಯದ ಅಗತ್ಯ ಇಷ್ಟೊಂದು ಬೀಳುತ್ತಿರಲಿಲ್ಲವೆಂದು ನಮಗನಿಸುತ್ತದೆ.

ಈಗ ಮಾಡಬಹುದಾದುದು

ಕಾಲ ಮತ್ತೆ ಸ್ವಲ್ಪ ತಿರುಗಿದೆ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸುವುದಾಗಿ ಕೇಂದ್ರ ಸರಕಾರ ಪ್ರಕಟಿಸಿತು. 2021ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಅದೇ ನಿರ್ಧಾರವಾಯಿತು. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕಿದವನು ಈಗ ಕನ್ನಡದಲ್ಲಿ ಉತ್ತರಿಸಬಹುದು. ಮೇಲಾಗಿ ಗುಮಾಸ್ತನ ಹುದ್ದೆಗೆ ಆಯಾ ರಾಜ್ಯದ ಭಾಷೆಯನ್ನು ಓದಿ ಬರೆದು ಮಾತಾಡಲು ಬರಬೇಕೆಂಬ ನಿಯಮವಿದೆ. ಕೌಂಟರಿನ ಹಿಂದೆ ಕುಳಿತು ಕೆಲಸ ಮಾಡುವ ನಮಗೆ ಈ ನಿಯಮದ ಬೆಲೆ ಗೊತ್ತು. ಚೀಟಿ ತುಂಬಲು ಬಾರದ ವೃದ್ಧೆಗೆ ಅವಳ ನುಡಿಯಲ್ಲೇ ಉತ್ತರ ದೊರೆತಾಗ ಅವಳ ಮುಖದ ಅಳುಕು ಮಾಯವಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಮುಂಬಯಿಯ ಕನ್ನಡ ಹುಡುಗನಿಗಾದರೋ ಮರಾಠಿ ಬಾರದೆ ಇಲ್ಲಿನ ಕೌಂಟರೂ ಇಲ್ಲ, ಕನ್ನಡ ಬಾರದೆ ಅಲ್ಲಿನ ಕೌಂಟರೂ ಇಲ್ಲ.

ಆದುದರಿಂದ ಸಂಘಗಳು ಮೂರು ಕೆಲಸಗಳನ್ನು ಮಾಡಬಹುದೆಂದು ನಮ್ಮ ಸೂಚನೆ. ಮೊದಲನೆಯದು, ಜೂನ್ ತಿಂಗಳು ಬರುವ ಮುಂಚೆಯೇ ತಮ್ಮ ಭಾಗದಲ್ಲಿ ಶಾಲೆಗೆ ಸೇರಲಿರುವ ಕನ್ನಡ ಮಕ್ಕಳ ಪಟ್ಟಿ ಮಾಡುವುದು. 10 ಎಂಬ ಅಂಕೆಯ ಮೇಲೆ ನಿಂತ ಹಕ್ಕನ್ನು ಕೇಳುವವನ ಕೈಯಲ್ಲಿ ಹತ್ತು ಹೆಸರುಗಳಾದರೂ ಇರಬೇಡವೆ? ಎರಡನೆಯದು, ಇಂಗ್ಲಿಷ್ ಶಾಲೆಗೇ ಹೋಗುವ ಮಕ್ಕಳಿಗೆ ಸಂಘದ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಕನ್ನಡ ಓದುಬರಹ ಕಲಿಸುವುದು. ಮಹಾರಾಷ್ಟ್ರವು 2020ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದೆ. ಅದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ, ಅದರ ಪಕ್ಕದಲ್ಲಿ ಕನ್ನಡವನ್ನೂ ಕಲಿಯಲಿ. ಮೂರನೆಯದು, ಬ್ಯಾಂಕು ಮೊದಲಾದ ಪರೀಕ್ಷೆಗಳಿಗೆ ಕೂಡುವ ತರುಣರಿಗೆ ಕನ್ನಡದಲ್ಲಿ ತರಬೇತಿ ಕೊಡುವುದು. ನಮ್ಮಲ್ಲಿ ನಿವೃತ್ತ ಬ್ಯಾಂಕು ನೌಕರರಿಗೆ ಕೊರತೆಯಿಲ್ಲ. ಹಿರಿಯರು ಹೋಟೆಲಿನ ಹುಡುಗನಿಗಾಗಿ ಕಟ್ಟಿದ ರಾತ್ರಿಶಾಲೆಗೆ ಇದು ಇಂದಿನ ಕಾಲದ ಪ್ರತಿರೂಪವಾದೀತು. ಪರೀಕ್ಷೆಯ ಕಾಗದದಲ್ಲಿ ಕನ್ನಡವನ್ನು ಆರಿಸುವವರೇ ಇಲ್ಲವಾದರೆ, ನಾಳೆ ಯಾರೋ ಅಧಿಕಾರಿ ಸಂಖ್ಯೆಯನ್ನು ತೋರಿಸಿ ಆ ಅನುಕೂಲವನ್ನೂ ತೆಗೆದುಹಾಕಬಹುದು. ಆಗ ನಮ್ಮ ಭಾಷಣಗಳು ಅವನನ್ನು ತಡೆಯಲಾರವು.

ಚನ್ನಬಸಪ್ಪನವರು ತಮ್ಮ ಕೈಗೆ ಬಂದ ಹುದ್ದೆಯನ್ನೂ ತಮ್ಮ ಕಾಲದ ಆಜ್ಞೆಯನ್ನೂ ಕನ್ನಡದ ಕೆಲಸಕ್ಕೆ ಹೂಡಿದರು. ಇಂದು ನಮ್ಮ ಕೈಯಲ್ಲಿಯೂ 350ಎ ಅನುಚ್ಛೇದವಿದೆ, 1949ರ ಗೊತ್ತುವಳಿಯಿದೆ, 2021ರ ನಿರ್ಧಾರವಿದೆ. ಈ ರಾಜ್ಯೋತ್ಸವದ ಸಂದರ್ಭದಲ್ಲಿ ಅಂಧೇರಿಯ ಕನ್ನಡಿಗರು ಇವನ್ನು ಕಡತದಿಂದ ಹೊರತೆಗೆದು ಬಳಸಿಕೊಳ್ಳುವಂತಾಗಲಿ. ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಹತ್ತನೆಯ ಹೆಸರು ಬರೆಯಲ್ಪಡಲಿ ಎಂದು ಹಾರೈಸುತ್ತೇವೆ.